ನಾಲ್ಕನೇ ರೂಮಿನ ಮೇಲಿನ ಸಾಲು

ಜುಲೈ 2, ಸೋಮವಾರ

ಸ್ಟೂಲ್ ಇವತ್ತೂ ಇಲ್ಲ. ಬಲ್ಬ್ ಹಾಕಬೇಕು ಅಂತ ಪ್ರಾಣಿ ಮನೆಯ ಎರಡನೇ ರೂಮಿನವರು ಒಯ್ದು ವಾರವಾಯಿತು. ಕೇಳಿದರೆ ಮೂರನೇ ರೂಮಿಗೆ ಕೊಟ್ಟೆವು ಎನ್ನುತ್ತಾರೆ. ಮೂರನೇ ರೂಮಿನವರು ಯಾವ ಸ್ಟೂಲ್ ಎನ್ನುತ್ತಾರೆ. ಸ್ಟೋರಿಗೆ ಹೋದರೆ ಹೊಸದಕ್ಕೆ ಅರ್ಜಿ ಬರಿ, ಮೂರು ಸಹಿ ಬೇಕು ಎನ್ನುತ್ತಾರೆ. ಮೂರನೇ ಸಹಿಯವರು ರಜೆ. ಒಂದು ಮರದ ಸ್ಟೂಲಿಗೆ ಮೂರು ಸಹಿ!

ಬೆಳಿಗ್ಗೆ ಇಲಿಗಳಿಗೆ ಮಲೇರಿಯಾ ಚುಚ್ಚಿದರು. ಇಪ್ಪತ್ತು ಕಪ್ಪು ಇಲಿ, ಇಪ್ಪತ್ತು ಡಬ್ಬ. ಕೆಳಗಿನ ಸಾಲಿನ ಹತ್ತಕ್ಕೆ ಮಾಮೂಲಿ ಮಲೇರಿಯಾ ಹುಳ. ಮೇಲಿನ ಸಾಲಿನ ಹತ್ತಕ್ಕೆ ಲ್ಯಾಬಿನ ತಹೂರಾ ಮೇಡಂ ತಯಾರಿಸಿದ ಹುಳ — ಒಂದು ಜೀನ್ ಕಿತ್ತು ತೆಗೆದದ್ದು. ನಾಲ್ಕು ವರ್ಷ ಹಿಡಿಯಿತಂತೆ ಅದನ್ನು ಕೀಳುವುದಕ್ಕೆ.

"ಆ ಜೀನ್ ಏನ್ ಮಾಡುತ್ತೆ ಮೇಡಂ?" ಅಂದೆ.

"ಗೊತ್ತಿದ್ರೆ ಯಾಕೆ ಕೀಳ್ತಿದ್ದೆ?" ಅಂದರು. ಆಮೇಲೆ ಪಾಪ ಅನ್ನಿಸಿತೇನೋ. "ಈ ಹುಳಕ್ಕೊಂದು ಗಡಿಯಾರ ಇದೆ ಸೈದುಲು. ಎಲ್ಲಾ ಒಂದೇ ಹೊತ್ತಿಗೆ ಬೆಳೆದು, ಒಂದೇ ಹೊತ್ತಿಗೆ ಒಡೀತಾವೆ. ಅದಕ್ಕೇ ಮಲೇರಿಯಾ ಜ್ವರ ಟೈಮ್ ನೋಡ್ಕೊಂಡು ಬಂದ ಹಾಗೆ ಬರೋದು. ಆ ಗಡಿಯಾರ ಈ ಜೀನಲ್ಲೇ ಇರ್ಬೇಕು ಅಂತ ನನ್ನ ಅನುಮಾನ."

"ಅಂದ್ರೆ ಮೊಳೆ ಕಿತ್ತು ನೋಡೋದು, ಗಡಿಯಾರ ಬೀಳುತ್ತಾ ಅಂತ."

"ಅಷ್ಟೇ. ನಿಂಗೇ ಪಿಎಚ್‌ಡಿ ಕೊಡ್ಬೇಕು."

ನಾಲ್ಕನೇ ರೂಮಿನಲ್ಲಿ ಹಗಲೇ ರಾತ್ರಿ. ಬೆಳಿಗ್ಗೆ ಒಂಬತ್ತಕ್ಕೆ ದೀಪ ಆರುತ್ತದೆ, ಇಲಿ ಏಳುತ್ತವೆ. ನಾನು ಕೆಂಪು ಬಲ್ಬಿನಲ್ಲಿ ಕಣ್ಣು ಕಿರಿದು ಮಾಡಿಕೊಂಡು ಕೆಲಸ. ಒಂಬತ್ತೂವರೆಗೆ ಮೇವು ಹಾಕು. ಸಂಜೆ ಆರಕ್ಕೆ ತೆಗಿ. ಇಪ್ಪತ್ತೂ ಡಬ್ಬ ಬದಲಿಸು, ಹಾಸಲು ಹೊಸ ಹೊಟ್ಟು ಹಾಕು, ರಿಜಿಸ್ಟರಿನಲ್ಲಿ ಸಹಿ ಮಾಡು. ದಿನಾ ಯಾಕೆ ಬದಲಿಸಬೇಕು? ಉಳಿದ ರೂಮಿನಲ್ಲಿ ವಾರಕ್ಕೊಮ್ಮೆ. ಅವರು ಹೇಳಲಿಲ್ಲ, ನಾನು ಕೇಳಲಿಲ್ಲ.

ಜುಲೈ 3, ಮಂಗಳವಾರ

ತಲೆ ಕೆಟ್ಟುಹೋಯಿತು. ತುದಿಗಾಲಲ್ಲಿ ನಿಂತು ಮೇಲಿನ ಸಾಲಿನ ಡಬ್ಬ ಎಳೆದೆ, ಜಾರಿತು. ಮುಚ್ಚಳ ಒಂದು ಕಡೆ, ಹೊಟ್ಟೆಲ್ಲ ನನ್ನ ಕೂದಲಲ್ಲಿ. ಇಲಿ ಎಲ್ಲಿ? ಕಪ್ಪು ಇಲಿ, ಕತ್ತಲೆ ರೂಮು, ಕೆಂಪು ಬಲ್ಬು... ಮುಕ್ಕಾಲು ಗಂಟೆ ಹೊಟ್ಟೆ ಮೇಲೆ ತೆವಳಿದೆ. ಕೊನೆಗೆ ಮೂಟೆಯ ಹಿಂದೆ ಕೂತು ಮೀಸೆ ತೀಡಿಕೊಳ್ಳುತ್ತಿತ್ತು ಮಹಾರಾಜ.

ಕಳೆದುಹೋಗಿದ್ದರೆ? ನಾಲ್ಕು ವರ್ಷದ ಹುಳ ಹೊತ್ತುಕೊಂಡು ಚರಂಡಿಗೆ ಹೋಗಿದ್ದರೆ?

ಕೊಮರಯ್ಯ ಮಾಮ — ಹಿಂದುಗಡೆ ಡಬ್ಬ ತೊಳೆಯುವವನು, ಮೂವತ್ತು ವರ್ಷದಿಂದ ಇದೇ ಕೆಲಸ — ಹೊಟ್ಟೆ ಹಿಡಿದುಕೊಂಡು ನಕ್ಕ. "ಊರಲ್ಲಿ ನಿಮ್ಮಪ್ಪ ಭತ್ತ ತಿನ್ನೋ ಇಲೀನ ಕೋಲು ಹಿಡ್ದು ಓಡಿಸ್ತಾನೆ. ನೀನಿಲ್ಲಿ ಬಾ ತಾಯಿ, ಊಟ ಮಾಡು ಅಂತ ಹಿಂದೆ ಓಡ್ತೀಯ."

ತೀರ್ಮಾನ: ಸ್ಟೂಲ್ ಬರುವವರೆಗೆ ಮೇಲಿನ ಡಬ್ಬ ಕೆಳಗಿಳಿಸುವುದಿಲ್ಲ. ಮೇವು ಹಾಕುವುದಕ್ಕೂ ತೆಗೆಯುವುದಕ್ಕೂ ಕೈ ಎಟುಕುತ್ತದೆ. ಅಷ್ಟು ಸಾಕು. ಹಳೇ ಹೊಟ್ಟಿನಲ್ಲಿ ನಾಲ್ಕು ದಿನ ಮಲಗಿದರೆ ಇಲಿ ಏನು ಸಾಯುತ್ತದಾ?

ಸಹಿ ಮಾತ್ರ ಇಪ್ಪತ್ತಕ್ಕೂ ಹಾಕಿದೆ. ಹತ್ತಕ್ಕೆ ಹಾಕಿ ಹತ್ತಕ್ಕೆ ಬಿಟ್ಟರೆ ಸೂಪರ್‌ವೈಸರ್ ಕೇಳುತ್ತಾನೆ. ಅವನಿಗೆ ಸ್ಟೂಲ್ ಕಥೆ ಮೊದಲಿನಿಂದ ಹೇಳಬೇಕು. ನನ್ನ ಕೈಲಾಗದು.

ಜುಲೈ 6, ಶುಕ್ರವಾರ

ನೋಟಿಸ್ ಬೋರ್ಡಿನಲ್ಲಿ ಹಾಕಿದ್ದಾರೆ. ಅಟೆಂಡರ್, ಪರ್ಮನೆಂಟ್, ಎರಡು ಜಾಗ. ಹತ್ತನೇ ಕ್ಲಾಸ್ ಸಾಕು. ಇಂಟರ್‌ವ್ಯೂ ಆಗಸ್ಟ್ 14. ಕೆಲಸ ಮಾಡುವ ಲ್ಯಾಬಿನ ಸರ್ಟಿಫಿಕೇಟ್ ಬೇಕು.

ಹತ್ತನೇ ಕ್ಲಾಸ್ ಆದಮೇಲೆ ಇದು ನನ್ನ ಐದನೇ ಕೆಲಸ. ಮೊಬೈಲ್ ಅಂಗಡಿ ಮೂರು ತಿಂಗಳು, ಟೈರ್ ಗೋಡೌನ್ ಎರಡು, ಬಿರಿಯಾನಿ ಡೆಲಿವರಿ ಐದು, ಸಿನಿಮಾ ಹಾಲಿನ ಗೇಟು ಇಪ್ಪತ್ತೇ ದಿನ. ಕೂತಲ್ಲಿ ಕೂರಲಾಗುವುದಿಲ್ಲ ನನಗೆ. ಇಲ್ಲಿ ಮಾತ್ರ ಹದಿನಾಲ್ಕು ತಿಂಗಳು ನಿಂತೆ. ಯಾಕೋ ಗೊತ್ತಿಲ್ಲ. ಇಲಿಗಳೂ ಕೂತಲ್ಲಿ ಕೂರುವುದಿಲ್ಲ, ಅದಕ್ಕಿರಬಹುದು.

ಅಮ್ಮನಿಗೆ ಫೋನಲ್ಲಿ ಹೇಳಿದೆ. "ಪರ್ಮನೆಂಟ್ ಆದ್ರೆ ಆ ಇಲಿ ಬಿಟ್ಟು ಬೇರೆ ಕೆಲ್ಸ ಕೊಡ್ತಾರಾ?" ಅಂದಳು.

ಜುಲೈ 9, ಸೋಮವಾರ

ಮೇಡಂ ರೂಮಿನಿಂದ ಓಡಿಬಂದರು. ಓಡಿಬಂದದ್ದು ಇದೇ ಮೊದಲು ನೋಡಿದ್ದು.

"ಸೈದುಲು, ಬಾ ಇಲ್ಲಿ. ನೋಡು."

ಮೈಕ್ರೋಸ್ಕೋಪಿನಲ್ಲಿ ಕಣ್ಣಿಡಿಸಿದರು. ಕೆಳಗಿನ ಸಾಲಿನ ಇಲಿಯ ರಕ್ತ, ಸಂಜೆ ಐದರದ್ದು. ಗುಲಾಬಿ ಬಣ್ಣದ ಬಿಲ್ಲೆಗಳು, ಕೆಲವದರೊಳಗೆ ನೀಲಿ ಉಂಗುರ, ಮೂಗುತಿ ತರಹ ಒಂದು ಕೆಂಪು ಹರಳು. ಎಲ್ಲಾ ಒಂದೇ ಸಮ. ಆಮೇಲೆ ಮೇಲಿನ ಸಾಲಿನದು. ಅಲ್ಲಿ ಸಂತೆ. ಒಂದು ಉಂಗುರ, ಇನ್ನೊಂದು ದಪ್ಪ, ಮತ್ತೊಂದು ಅರ್ಧಂಬರ್ಧ.

"ಒಂದಕ್ಕೂ ಟೈಮ್ ಗೊತ್ತಿಲ್ಲ," ಅಂದರು ಮೇಡಂ. "ಗಡಿಯಾರ ಬಿದ್ದಿದೆ. ಹತ್ತಕ್ಕೆ ಹತ್ತೂ!"

ಖುಷಿಯಲ್ಲಿ ನಾನೂ ಒಂದು ಮಾತು ಸೇರಿಸಿದೆ. ಬೆಳಿಗ್ಗೆ ಮೇವು ಹಾಕುವಾಗ ಕೆಳಗಿನವು ಸರಳಿಗೆ ನೇತುಬೀಳುತ್ತವೆ, ಮೇಲಿನವು ಎದ್ದೂ ನೋಡುವುದಿಲ್ಲ ಮೇಡಂ, ಅವಕ್ಕೆ ಹಸಿವೇ ಇಲ್ಲ.

"ಹೌದಾ? ಯಾವತ್ತಿಂದ?" ಪುಸ್ತಕ ತೆಗೆದು ಬರೆದುಕೊಂಡರು. ನನ್ನ ಹೆಸರು ಹಾಕಿ ಬರೆದುಕೊಂಡರು. ಜೀನ್ ಹೋದರೆ ಹಸಿವೂ ಹೋಗಬಹುದು, ಅದೇ ಒಂದು ಹೊಸ ವಿಷಯ ಅಂತೆ.

ಜುಲೈ 11, ಬುಧವಾರ

ಚಕ್ರಪಾಣಿ ಸರ್ ಖುದ್ದಾಗಿ ಪ್ರಾಣಿ ಮನೆಗೆ ಬಂದರು. ಮೇಡಂ ಪಿಎಚ್‌ಡಿಗೆ ಗೈಡ್, ಇಡೀ ಲ್ಯಾಬ್ ಅವರದೇ. ಇಲ್ಲಿಗೆ ಬಂದು ಎಷ್ಟು ವರ್ಷವಾಗಿತ್ತೋ, ಶೂ ಮೇಲೆ ಹಾಕುವ ನೀಲಿ ಚೀಲ ಎಲ್ಲಿದೆ ಅಂತ ಅವರಿಗೇ ಗೊತ್ತಿರಲಿಲ್ಲ.

"ನೀನೇನಾ ಸೈದುಲು? ಹಸಿವಿನ ವಿಷಯ ಹೇಳಿದೋನು? ಶಹಬಾಸ್. ಕಣ್ಣು ಬಿಟ್ಕೊಂಡು ಕೆಲ್ಸ ಮಾಡೋರು ಬೇಕು ನಂಗೆ."

ಸರ್ಟಿಫಿಕೇಟ್ ಕೊಡುತ್ತಾರಂತೆ. ಮೇಡಂ ಬರೆಯುವುದು, ಅವರು ಸಹಿ ಮಾಡುವುದು.

ಸಂಜೆ ಮೇಡಂ ಒಸ್ಮಾನಿಯಾ ಬಿಸ್ಕತ್ತಿನ ಪೊಟ್ಟಣ ತಂದರು. ಕೊಮರಯ್ಯ ಮಾಮ ಅರ್ಧ ಖಾಲಿ ಮಾಡಿ, "ಯಾವ ಜೀನ್ ಕಿತ್ರೆ ಬಿರಿಯಾನಿ ಬರುತ್ತೆ ಕೇಳೋ," ಅಂದ.

ಜುಲೈ 12, ಗುರುವಾರ

ಬ್ಯಾಚ್ ಮುಗಿಯಿತು. ಇಪ್ಪತ್ತನ್ನೂ ಗ್ಯಾಸ್ ಪೆಟ್ಟಿಗೆಗೆ ನಾನೇ ಹಾಕಿದೆ. ಆ ಕೆಲಸದ ಬಗ್ಗೆ ಬರೆಯುವುದಿಲ್ಲ.

ಜುಲೈ 19, ಗುರುವಾರ

ಸ್ಟೂಲ್ ಬಂತು! ಕಬ್ಬಿಣದ್ದು, ಎರಡು ಮೆಟ್ಟಿಲು. ಬ್ಯಾಚ್ ಮುಗಿದ ಒಂದು ವಾರಕ್ಕೆ. ನಾಲ್ಕನೇ ರೂಮಿನ ಹೆಸರು ಬಣ್ಣದಲ್ಲಿ ಬರೆದು ಕಾಲಿಗೆ ಸರಪಳಿ ಹಾಕಿದೆ.

ಸರ್ ಹೇಳಿದ್ದಾರಂತೆ: ಇನ್ನೊಂದು ಸಲ ಮಾಡಿ, ಅದೇ ಬಂದರೆ ದೊಡ್ಡ ಪತ್ರಿಕೆಗೆ ಕಳಿಸೋಣ. ಹೊಸ ಇಪ್ಪತ್ತು ಇಲಿ ಆಗಲೇ ಬಂದಿವೆ, ಹೊತ್ತಿಗೆ ಸರಿಯಾಗಿ ತಿನ್ನುವುದು ಕಲಿಯುತ್ತಿವೆ. ಸೋಮವಾರ ಚುಚ್ಚುತ್ತಾರೆ.

ಜುಲೈ 29, ಭಾನುವಾರ

ಊರೆಲ್ಲ ಬೋನಾಲು, ಅಮ್ಮನವರ ಹಬ್ಬ. ಹೊರಗೆ ಡೋಲು, ಒಳಗೆ ನಾನು. ಇಲಿಗೆ ಭಾನುವಾರ ಇಲ್ಲ. ಇಪ್ಪತ್ತೂ ಡಬ್ಬ ಬದಲಿಸಿದೆ, ಸ್ಟೂಲ್ ಹತ್ತಿ, ಇಳಿದು, ಹತ್ತಿ. ಮಂಡಿ ನೋವು. ಆದರೂ ಈ ಸಲ ಒಂದು ದಿನವೂ ಬಿಟ್ಟಿಲ್ಲ. ಸರ್ಟಿಫಿಕೇಟ್ ಬೇಕಲ್ಲ.

ಒಂದು ವಿಚಿತ್ರ. ಈ ಸಲ ಮೇಲಿನವೂ ಮೇವಿಗೆ ನೇತುಬೀಳುತ್ತಿವೆ.

ಆಗಸ್ಟ್ 1, ಬುಧವಾರ

ಮೇಡಂ ಬೆಳಿಗ್ಗೆಯಿಂದ ಮೈಕ್ರೋಸ್ಕೋಪ್ ಬಿಟ್ಟು ಎದ್ದಿಲ್ಲ. ಚಹಾ ಇಟ್ಟೆ, ಆರಿತು. ಮತ್ತೊಂದು ಇಟ್ಟೆ.

"ಏನ್ ಮೇಡಂ?"

"ಎಲ್ಲಾ ಉಂಗುರ," ಅಂದರು. "ಮೇಲೆ, ಕೆಳಗೆ, ಎಲ್ಲಾ. ಜೀನ್ ಇಲ್ಲ, ಆದ್ರೂ ಟೈಮಿಗೆ ಸರಿಯಾಗಿ ನಡೀತಿದೆ. ಹೇಗೆ? ಹೇಗೆ ಹೇಳು!"

ನನ್ನನ್ನು ಕೇಳಿದರೆ?

ಆಗಸ್ಟ್ 3, ಶುಕ್ರವಾರ

ಜೀನ್ ಕಿತ್ತ ಹುಳಕ್ಕೆ ಮಾಮೂಲಿ ಹುಳ ಬೆರೆತಿರಬೇಕು ಅಂತ ಎರಡು ದಿನ ಪರೀಕ್ಷೆ ಮಾಡಿದರು. ಬೆರೆತಿಲ್ಲ. ಜೀನ್ ಕಿತ್ತದ್ದು ಕಿತ್ತ ಹಾಗೇ ಇದೆ. ಬಣ್ಣ ಸರಿಯಿಲ್ಲ ಅಂತ ಬೇರೆ ಬಣ್ಣ ತಂದರು. ದೀಪದ ಟೈಮರ್ ಬಿಚ್ಚಿಸಿದರು. ಮಧ್ಯಾಹ್ನ ನನ್ನನ್ನು ಕರೆದರು. ಕಣ್ಣು ಊದಿತ್ತು.

"ನಿಜ ಹೇಳು. ಮೊದ್ಲನೇ ಸಲಕ್ಕೂ ಈ ಸಲಕ್ಕೂ ನೀನೇನಾದ್ರೂ ಬೇರೆ ಮಾಡಿದ್ದೀಯಾ? ಏನಾದ್ರೂ ಸರಿ. ಬೈಯಲ್ಲ."

"ಇಲ್ಲ ಮೇಡಂ."

ಬಾಯಿಗೆ ಬಂದದ್ದು ಅದು. ಸುಳ್ಳು ಅಂತಲೂ ಅನ್ನಿಸಲಿಲ್ಲ ಆಗ. ಹೊಟ್ಟಿಗೂ ಹುಳದ ಗಡಿಯಾರಕ್ಕೂ ಏನು ಸಂಬಂಧ? ಹೇಳಿದ್ದರೆ ಸಹಿ ವಿಷಯ ಬರುತ್ತದೆ. ಇಂಟರ್‌ವ್ಯೂಗೆ ಹನ್ನೊಂದು ದಿನ ಇದೆ.

ರಿಜಿಸ್ಟರ್ ತೆರೆದು ನೋಡಿದರು. ಎರಡು ಬ್ಯಾಚಿನಲ್ಲೂ ದಿನಾ ಸಹಿ. "ನೀನು ಸರಿಯಾಗೇ ಮಾಡಿದ್ದೀಯ. ನಾನೇ ಎಲ್ಲೋ ಎಡವಿದ್ದೀನಿ," ಅಂದರು.

ಆಗಸ್ಟ್ 6, ಸೋಮವಾರ

ಇಲಿ ಲೆಕ್ಕ ಕೊಡಲು ಮೇಲೆ ಲ್ಯಾಬಿಗೆ ಹೋಗಿದ್ದೆ. ಸರ್, ಮೇಡಂ ಜಗಳ. ಬಾಗಿಲ ಹತ್ತಿರ ನಿಂತೆ.

"ಎರಡನೇ ಬ್ಯಾಚಲ್ಲಿ ಏನೋ ಗಡಿಬಿಡಿ ಆಗಿದೆ ಅಮ್ಮಾ. ಬಿಟ್ಬಿಡು. ಮೊದಲನೇದರಲ್ಲಿ ಹತ್ತಕ್ಕೆ ಹತ್ತು ಬಂದಿದೆ, ಅದನ್ನೇ ಹದಿಮೂರಕ್ಕೆ ದೆಹಲಿ ಮೀಟಿಂಗಿಗೆ ಒಯ್ತೀನಿ. ನೀನು ಇನ್ನೂ ನಲವತ್ತು ಇಲಿ ತಗೊಂಡು ಮತ್ತೆ ಮಾಡು."

"ಸರ್, ಎರಡನೇದೂ ಹತ್ತಕ್ಕೆ ಹತ್ತೇ ಬಂದಿದೆ. ಯಾವುದು ಗಡಿಬಿಡಿ ಅಂತ ಹೇಗೆ ಹೇಳೋದು?"

"ನಾಲ್ಕು ವರ್ಷ ಆಯ್ತಲ್ಲ ನಿಂಗೆ?"

ಸರ್ ಹೋದ ಮೇಲೆ ಮೇಡಂ ಬೋರ್ಡಿನ ಮುಂದೆ ನಿಂತು ಪಟ್ಟಿ ಬರೆದರು. ಬೆಳಕು. ಸದ್ದು. ಚಳಿ. ಮೇವು. ನನಗೋ ಗೋಡೆಗೋ ಹೇಳಿದ ಹಾಗೆ: "ಎಲ್ಲಕ್ಕಿಂತ ಮುಖ್ಯ ಮೇವು. ಇಲಿ ತಿನ್ನೋ ಹೊತ್ತು ನೋಡ್ಕೊಂಡೇ ಹುಳ ತನ್ನ ಟೈಮ್ ಇಟ್ಕೊಳ್ಳುತ್ತೆ. ದಿನವಿಡೀ ಮೆಲ್ತಾ ಇದ್ರೆ ಎಲ್ಲಾ ಕಲಸಿಹೋಗುತ್ತೆ. ಅದಕ್ಕೇ ಮೇವು ತೆಗೆಸ್ತಿದ್ದೆ, ಡಬ್ಬ ಬದಲಿಸ್ತಿದ್ದೆ..." ಮೇವಿನ ಮುಂದೆ ಸರಿ ಗುರುತು ಹಾಕಿದರು.

ಇಲಿ ಲೆಕ್ಕ ಕೊಡದೆಯೇ ಕೆಳಗಿಳಿದು ಬಂದೆ.

ಆಗಸ್ಟ್ 8, ಬುಧವಾರ

ಒಂದನೇ ರೂಮಿಗೆ ಹೋದೆ. ಅಲ್ಲಿ ಮರಿ ಮಾಡುವ ಇಲಿಗಳು, ವಾರಕ್ಕೊಮ್ಮೆ ಬದಲಿ. ಒಂದು ಡಬ್ಬದ ಮೇವು ತೆಗೆದೆ. ಆಮೇಲೆ ಹೊಟ್ಟು ಪೇಪರ್ ಮೇಲೆ ಸುರಿದು ಕೆದಕಿದೆ.

ಒಂದು ಹಿಡಿ. ಮೂಲೆಯಲ್ಲಿ, ಹೊಟ್ಟಿನ ಅಡಿ, ಮೇವಿನ ಚೂರು. ಇಲಿ ಬುದ್ಧಿ. ಅರ್ಧ ತಿನ್ನುತ್ತದೆ, ಅರ್ಧ ಪುಡಿ ಮಾಡಿ ಬಚ್ಚಿಡುತ್ತದೆ. ಹದಿನಾಲ್ಕು ತಿಂಗಳಿಂದ ದಿನಾ ನೋಡಿದ್ದೇನೆ. ಗುಡಿಸಿ ಎಸೆದಿದ್ದೇನೆ.

ಅಂದರೆ ಮೊದಲ ಬ್ಯಾಚಿನಲ್ಲಿ ಕೆಳಗಿನವು ಉಪವಾಸ, ಮೇಲಿನವು ದಿನವಿಡೀ ದಾಸೋಹ. ಹಸಿವೇ ಇಲ್ಲ ಅಂದೆನಲ್ಲ... ಅದನ್ನು ಮೇಡಂ ಪುಸ್ತಕದಲ್ಲಿ ಬರೆದುಕೊಂಡಿದ್ದಾರೆ. ನನ್ನ ಹೆಸರು ಹಾಕಿ.

ಜೀನೂ ಇಲ್ಲ, ಗಡಿಯಾರವೂ ಇಲ್ಲ. ನಾನು ಗಿಡ್ಡ, ಅಷ್ಟೇ ವಿಷಯ.

ಆಗಸ್ಟ್ 13, ಸೋಮವಾರ

ನಾಲ್ಕು ದಿನ ಬರೆಯಲಿಲ್ಲ. ಬರೆದರೆ ಏನು ಬರೆಯುವುದು? ಹೇಳಬೇಕು. ಹೇಳಬಾರದು. ಹೇಳಬೇಕು. ಶನಿವಾರ ಸರ್ಟಿಫಿಕೇಟ್ ಕೈಗೆ ಬಂತು. 'ನಂಬಿಕಸ್ಥ, ಸೂಕ್ಷ್ಮವಾಗಿ ಗಮನಿಸುವ ಕೆಲಸಗಾರ.' ಮೇಡಂ ಬರೆದದ್ದು. ಓದಿ ಮಡಚಿಟ್ಟೆ, ಮತ್ತೆ ತೆಗೆದು ಓದಿದೆ.

ಇವತ್ತು ಹೊಸ ನಲವತ್ತು ಇಲಿಗಳ ಪೆಟ್ಟಿಗೆ ಬಂತು. ಮೇಡಂ ಒಂದೊಂದನ್ನೂ ಬಾಲ ಹಿಡಿದು ತೂಗುತ್ತಿದ್ದರು. ನಲವತ್ತೂ ಕೊನೆಗೆ ನನ್ನ ಗ್ಯಾಸ್ ಪೆಟ್ಟಿಗೆಗೇ ಬರುವುದು. ಬಾಯಿ ತಾನಾಗೇ ತೆರೆಯಿತು.

"ಮೇಡಂ, ಮೊದಲ ಬ್ಯಾಚಲ್ಲಿ ಮೇಲಿನ ಸಾಲಿನ ಡಬ್ಬ ನಾನು ಬದಲಿಸಿಲ್ಲ."

ತಕ್ಕಡಿಯಿಂದ ಕಣ್ಣು ತೆಗೆಯಲಿಲ್ಲ. "ಎಷ್ಟು ದಿನ?"

"ಚುಚ್ಚಿದ ದಿನ ಮಾತ್ರ ಬದಲಿಸಿದೆ, ತುದಿಗಾಲಲ್ಲಿ ನಿಂತು. ಉಳಿದ ದಿನ ಇಲ್ಲ. ಸ್ಟೂಲ್ ಇರ್ಲಿಲ್ಲ. ಹೊಟ್ಟಲ್ಲಿ ಚೂರು ಇರುತ್ತೆ ಮೇಡಂ. ಒಂದು ಹಿಡಿ ಇರುತ್ತೆ."

ಕೈಯಲ್ಲಿದ್ದ ಇಲಿಯನ್ನು ಮೆಲ್ಲಗೆ ಡಬ್ಬಕ್ಕಿಟ್ಟರು. ಮುಚ್ಚಳ ಹಾಕಿದರು.

"ಸ್ಟೂಲ್," ಅಂದರು. "ನಂಗೆ ಹೇಳಿದ್ರೆ ನಾನೇ ಹೊತ್ಕೊಂಡು ಬರ್ತಿರ್ಲಿಲ್ವಾ? ನಾನು ನಿನಗಿಂತ ಗೇಣು ಉದ್ದ ಇದ್ದೀನಿ!"

ಅದು ನನಗೆ ಹೊಳೆದೇ ಇರಲಿಲ್ಲ. ನಿಜವಾಗಿ.

"ಹತ್ತು ದಿನದ ಹಿಂದೆ ಕೇಳಿದೆ. ಬೈಯಲ್ಲ ಅಂದೆ. ಇಲ್ಲ ಮೇಡಂ ಅಂದೆ ನೀನು. ಆ ಮೇಲೆ ನಾನು ಮಲಗಿಲ್ಲ ಸೈದುಲು. ಹುಚ್ಚಿ ತರ ನನ್ನ ಪುಸ್ತಕನೇ ನಾಲ್ಕು ವರ್ಷದ್ದು ಮೊದಲಿಂದ ಓದಿದ್ದೀನಿ."

ಸಮಾಧಾನಕ್ಕೆ ಏನಾದರೂ ಹೇಳಬೇಕಲ್ಲ ಅಂತ, "ಚೂರು ತಿಂದ್ರೆ ಹುಳ ಟೈಮ್ ತಪ್ಪುತ್ತೆ ಅಂತ ಗೊತ್ತಾಯ್ತಲ್ಲ ಮೇಡಂ, ಅದೂ ಒಂದು ಹೊಸ ವಿಷಯ..." ಅಂದೆ.

"ಅದನ್ನ ಬೇರೆಯವರು ಆಗ್ಲೇ ಕಂಡುಹಿಡಿದು ಬರೆದಾಗಿದೆ. ಅದನ್ನ ಓದೇ ನಾನು ಡಬ್ಬ ಬದಲಿಸು ಅಂದಿದ್ದು." ಆಮೇಲೆ, ತಮಗೇ ಹೇಳಿಕೊಂಡ ಹಾಗೆ: "ಎರಡು ಗುಂಪನ್ನೂ ಎರಡೂ ಸಾಲಲ್ಲಿ ಬೆರೆಸಿ ಇಡ್ಬೇಕಿತ್ತು. ಅದಲುಬದಲಾಗುತ್ತೆ, ಬೇಡ ಅಂದ್ರು ಸರ್, ಹೂಂ ಅಂದೆ. ಅದು ನನ್ನ ತಪ್ಪು."

ಗಡಿಯಾರ ನೋಡಿದರು. ನಾಲ್ಕು ಗಂಟೆ. "ನಾಳೆ ನಿಂಗೆ ಇಂಟರ್‌ವ್ಯೂ. ಹೋಗಿ ಬಾ. ಸರ್‌ಗೆ ನಾಡಿದ್ದು ಹೇಳ್ತೀನಿ."

ಇಷ್ಟೆಲ್ಲ ಆದ ಮೇಲೂ ಹಾಗೆ ಅಂದರು. ಹೂಂ ಅಂತ ಹೊರಟು ಬಾಗಿಲವರೆಗೆ ಬಂದೆ. ಅಲ್ಲಿ ಕಾಲು ನಿಂತಿತು. ಸುಡುಗಾಡು ಕಾಲು.

"ಸರ್ ದೆಹಲಿಗೆ ಹೋಗೋದು ಇವತ್ತು ಸಂಜೆ ಅಲ್ವಾ ಮೇಡಂ? ಮೊದಲ ಬ್ಯಾಚಿನ ಚಿತ್ರ ತೋರ್ಸೋಕೆ?"

"ಹೂಂ."

ಇಬ್ಬರೂ ಮೇಲೆ ಹೋದೆವು.

ಸರ್ ಬ್ಯಾಗ್ ಕಟ್ಟಿ ಕೂತಿದ್ದರು. ಕಿರುಚುತ್ತಾರೆ ಅಂದುಕೊಂಡಿದ್ದೆ. ಕಿರುಚಲಿಲ್ಲ. ರಿಜಿಸ್ಟರ್ ತರಿಸಿದರು. ಒಂದೊಂದು ಸಹಿ ಮೇಲೂ ಬೆರಳಿಟ್ಟು, "ಇದು ನಿಂದೇನಾ? ಇದು?" ಹತ್ತು ಸಲ ಹೌದು ಅಂದೆ. ಲ್ಯಾಪ್‌ಟಾಪ್ ತೆರೆದು ಚಿತ್ರಗಳನ್ನು ಒಂದೊಂದಾಗಿ ಅಳಿಸಿದರು. ನನ್ನ ಎದುರಿಗೇ. ಏಳು ಚಿತ್ರ.

"ಸರ್ಟಿಫಿಕೇಟ್ ತಂದ್ಕೊಡು. ನಾಲ್ಕನೇ ರೂಮಿಗೆ ಇನ್ನು ಕಾಲಿಡ್ಬೇಡ."

ಜೇಬಲ್ಲೇ ಇತ್ತು. ಕೊಟ್ಟೆ.

ಆಗಸ್ಟ್ 14, ಮಂಗಳವಾರ

ಇಂಟರ್‌ವ್ಯೂಗೆ ಹೋದೆ, ಸರ್ಟಿಫಿಕೇಟ್ ಇಲ್ಲದೆ. "ಪೇಪರ್ ಎಲ್ಲಿ?" ಅಂದರು. ಇಲ್ಲ ಅಂದೆ. "ಮತ್ತೆ ಯಾಕೆ ಬಂದೆ?" ಅಂದರು. ನಿಜವೇ. ಎರಡು ನಿಮಿಷ.

ಕೊಮರಯ್ಯ ಮಾಮ ತೊಳೆಯುವ ಕಟ್ಟೆ ಮೇಲೆ ಕೂರಿಸಿಕೊಂಡು ಬೈದ. ಸೊಗಸಾಗಿ ಬೈದ.

"ಯಾರ್ ಕೇಳಿದ್ರೋ ನಿನ್ನ? ಇಲಿ ಬಂದು ಸಾಕ್ಷಿ ಹೇಳ್ತಿತ್ತಾ? ಸತ್ತು ಬೂದಿಯಾಗಿದಾವೆ ಎಲ್ಲಾ! ದಿನಾ ಇಪ್ಪತ್ತು ಡಬ್ಬ ಬರ್ಬೇಕಿತ್ತು ನಂಗೆ ತೊಳೆಯೋಕೆ, ಹತ್ತೇ ಬರ್ತಿದ್ವು. ನಾನೇನಾದ್ರೂ ಬಾಯಿ ಬಿಟ್ನಾ? ಒಳ್ಳೇದಾಯ್ತು, ಸೊಂಟಕ್ಕೆ ಸುಖ ಅಂತ ಸುಮ್ನಿರ್ಲಿಲ್ವಾ?"

"ನಿಂಗೆ ಗೊತ್ತಿತ್ತಾ ಮಾಮ?"

"ಮೂವತ್ತು ವರ್ಷ ಡಬ್ಬ ತೊಳ್ದಿದ್ದೀನಿ. ಯಾವ ರೂಮಲ್ಲಿ ಯಾವನು ಕೆಲ್ಸ ಕದೀತಾನೆ ಅಂತ ಇಲ್ಲೇ ಕೂತು ಹೇಳ್ತೀನಿ. ಯಾರೂ ಕೇಳಲ್ಲ, ನಾನೂ ಹೇಳಲ್ಲ."

ಆಗಸ್ಟ್ 22, ಬುಧವಾರ

ಬಕ್ರೀದ್. ರಜೆ. ಮೇಡಂ ಹಬ್ಬದ ಬಟ್ಟೆಯಲ್ಲೇ ಬಂದು ಎರಡು ತಾಸು ಇಲಿ ತೂಗಿ ಹೋದರು. ಹಜಾರದಲ್ಲಿ ಎದುರು ಸಿಕ್ಕರು. ಸಲಾಂ ಅಂದೆ. ತಲೆ ಆಡಿಸಿದರು, ಮಾತಿಲ್ಲ. ಹತ್ತು ದಿನವಾಯಿತು.

ನನ್ನನ್ನು ತೊಳೆಯುವ ಕೆಲಸಕ್ಕೆ ಹಾಕಿದ್ದಾರೆ. ಕಾಂಟ್ರಾಕ್ಟ್ ತಿಂಗಳ ಕೊನೆಯವರೆಗೆ ಇದೆ, ಆಮೇಲೆ ನೋಡೋಣ ಅಂದಿದ್ದಾನೆ ಕಾಂಟ್ರಾಕ್ಟರ್. ನಾಲ್ಕನೇ ರೂಮಿಗೆ ಅವನ ಬಾವಮೈದ ಬಂದಿದ್ದಾನೆ. ಶ್ರವಣ್. ಆರಡಿ ಉದ್ದ. ಹನ್ನೆರಡನೇ ಕ್ಲಾಸ್ ಪಾಸು. ಕಿವಿಯಲ್ಲಿ ಸದಾ ಇಯರ್‌ಫೋನ್.

ಕೈಯೆಲ್ಲ ಸೋಪಿನಿಂದ ಬಿರಿದಿದೆ. ಬಿಟ್ಟು ಹೋಗಬೇಕು. ಟೈರ್ ಗೋಡೌನಿನವನು ಮತ್ತೆ ಕರೆಯುತ್ತಿದ್ದಾನೆ.

ಆಗಸ್ಟ್ 31, ಶುಕ್ರವಾರ

ಇನ್ನೊಂದು ತಿಂಗಳು ಇರು ಅಂದರು. ಯಾರೂ ಸಿಕ್ಕಿಲ್ಲವಂತೆ ತೊಳೆಯುವುದಕ್ಕೆ. ಮರ್ಯಾದೆ ನೋಡಿ ನನ್ನದು!

ಮೇಡಂ ಕಿಟಕಿ ಹತ್ತಿರ ಬಂದು ನಿಂತರು. ಒಂದು ನಿಮಿಷ ನಾನು ಉಜ್ಜುವುದನ್ನೇ ನೋಡಿದರು.

"ಈ ಸಲ ನಲವತ್ತನ್ನೂ ಬೆರೆಸಿ ಇಟ್ಟಿದ್ದೀನಿ. ಎರಡೂ ಸಾಲಲ್ಲಿ ಎರಡೂ ಹುಳ. ಯಾವ ಡಬ್ಬದಲ್ಲಿ ಯಾವುದು ಅಂತ ನಂಗೂ ಗೊತ್ತಿರಲ್ಲ, ಬೇರೆಯವರು ನಂಬರ್ ಹಾಕ್ತಾರೆ. ಸೋಮವಾರ ಚುಚ್ಚೋದು."

"ಒಳ್ಳೇದು ಮೇಡಂ."

"ಇದು ಕೊನೇದು. ಇದ್ರಲ್ಲೂ ಕಲಸಿಹೋದ್ರೆ ಸರ್ ಈ ಕೆಲ್ಸನೇ ಮುಚ್ಚಿಸ್ತಾರೆ. ಬೇರೆ ಜೀನ್, ಮತ್ತೆ ಮೊದಲಿಂದ."

ಹೋಗುವಾಗ ತಿರುಗಿ, "ನಿನ್ನ ಮೇಲೆ ಸಿಟ್ಟು ಹೋಗಿಲ್ಲ, ತಿಳ್ಕೋ," ಅಂದರು.

ಮಾತಾಡಿದರಲ್ಲ, ಅದು ಸಾಕು.

ಸೆಪ್ಟೆಂಬರ್ 6, ಗುರುವಾರ

ನಿನ್ನೆ ಮೂವತ್ತೊಂದು ಡಬ್ಬ ಬಂದವು ನಾಲ್ಕನೇ ರೂಮಿನಿಂದ. ಎಣಿಸಿದ್ದು ತಪ್ಪಿರಬೇಕು ಅಂದುಕೊಂಡೆ.

"ಶ್ರವಣ್, ನಲವತ್ತೂ ಬದಲಿಸ್ತಿದ್ದೀಯಾ?" ಅಂತ ಊಟದ ಹೊತ್ತಲ್ಲಿ ಕೇಳಿದೆ.

ಇಯರ್‌ಫೋನ್ ಒಂದು ತೆಗೆದ. "ಏನಣ್ಣಾ?"

"ಡಬ್ಬ. ನಲವತ್ತೂ?"

"ಸಹಿ ಇದೆಯಲ್ಲಣ್ಣಾ ರಿಜಿಸ್ಟರಲ್ಲಿ." ಮತ್ತೆ ಕಿವಿಗೆ ಸಿಕ್ಕಿಸಿಕೊಂಡ. ಕಪಾಳಕ್ಕೆ ಬಾರಿಸೋಣ ಅನ್ನಿಸಿತು. ಯಾರ ಕಪಾಳಕ್ಕೆ, ಅವನದೋ ನನ್ನದೋ.

ಕೊಮರಯ್ಯ ಮಾಮ ಅನ್ನ ಕಲಸುತ್ತಾ ನನ್ನ ಕಡೆ ನೋಡಲೇ ಇಲ್ಲ. "ತೊಳಿ," ಅಂದ. "ಬಂದಷ್ಟು ತೊಳಿ. ಅಷ್ಟೇ ನಿನ್ನ ಕೆಲ್ಸ."

ಸೆಪ್ಟೆಂಬರ್ 7, ಶುಕ್ರವಾರ, ಸಂಜೆ 6.40

ಎಣಿಸಿದೆ. ನೆಲದ ಮೇಲೆ ಸಾಲಾಗಿ ಹರಡಿ ಎಣಿಸಿದೆ. ಮಾಮನಿಗೂ ಎಣಿಸಲು ಹೇಳಿದೆ. "ನಂಗೆ ಎಣಿಕೆ ಬರಲ್ಲ," ಅಂದ ಮೊದಲು. ಆಮೇಲೆ ಬಗ್ಗಿ ಎಣಿಸಿದ. ಇಪ್ಪತ್ತಾರು. ಹದಿನಾಲ್ಕು ಬಂದಿಲ್ಲ. ಬಾರದವುಗಳ ನಂಬರ್ ಎಲ್ಲ ಈ ಪುಟದ ಹಿಂದೆ ಬರೆದುಕೊಂಡಿದ್ದೇನೆ.

ಮೇಡಂ ಇನ್ನೂ ಮೇಲೇ ಇದ್ದಾರೆ, ದೀಪ ಕಾಣುತ್ತಿದೆ. ಸರ್ ಕಾರೂ ಇದೆ. ಕಾಲಿಡಬೇಡ ಅಂದದ್ದು ನಾಲ್ಕನೇ ರೂಮಿಗೆ, ಮೆಟ್ಟಿಲಿಗಲ್ಲ. ಮೊದಲು ಮೇಡಂ ಹತ್ತಿರ, ಆಮೇಲೆ ಸರ್ ಹತ್ತಿರ. ಬೈದರೆ ಬೈಯಲಿ. ಹೊಟ್ಟೆಕಿಚ್ಚಿಗೆ ಚಾಡಿ ಹೇಳುತ್ತಿದ್ದಾನೆ ಅಂದರೆ ಅನ್ನಲಿ. ಹೊಟ್ಟು ಸುರಿದು ತೋರಿಸುತ್ತೇನೆ, ಹದಿನಾಲ್ಕನ್ನೂ, ಒಂದೊಂದಾಗಿ—

ಮಾಮ ಕೈ ಒರೆಸಿಕೊಂಡು ಎದ್ದ. "ನಡಿಯೋ, ನಾನೂ ಬರ್ತೀನಿ," ಅಂತಿದ್ದಾನೆ. ಮೂವತ್ತು ವರ್ಷದಲ್ಲಿ ಒಂದು ಸಲವೂ ಮೇಲೆ ಹೋಗದವನು, ಚಪ್ಪಲಿ ಹುಡುಕುತ್ತಿದ್ದಾನೆ. ಹೊರಟೆವು.